ತೆಂಗಿನ ಸೀಮೆಯ ಗೃಹಸ್ಥರ ಆಹಾರ, ವ್ಯಾಯಾಮ ಮತ್ತು ದೇಹಾರೋಗ್ಯ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಸರ್ಕೀಟು ಹೋಗುವ ವ್ಯವಸಾಯದ ಇನ್‌ಸ್ಪೆಕ್ಟರಿಗೆ ಈಚಿನ ವರ್ಷಗಳಲ್ಲಿ ಮರದ ರೋಗಗಳನ್ನು ಕುರಿತ ಪ್ರಶ್ನೆಗಳ ಬೆನ್ನಿಗೇ ಮನುಷ್ಯರ ರೋಗಗಳನ್ನು ಕುರಿತ ಪ್ರಶ್ನೆಗಳೂ ಬರುತ್ತಿವೆ. ನುಸಿಪೀಡೆಗೆ ಏನು ಮಾಡಬೇಕೆಂದು ಕೇಳಿದ ಯಜಮಾನರೇ, ಆ ಮಾತು ಮುಗಿದು ಎಳನೀರು ಕೈಗೆ ಬಂದ ಮೇಲೆ, ತಮ್ಮ ದೇಹದ ವಿಚಾರವನ್ನು ಎತ್ತುತ್ತಾರೆ. ಕಾಯಿ ತಿಂದರೆ ಹೃದಯಕ್ಕೆ ಕೆಡುಕೆಂದು ಹೇಳುವರಲ್ಲ, ನಿಜವೇ? ಮುದ್ದೆ ಉಣ್ಣುವವನಿಗೆ ಸಕ್ಕರೆಯ ಕಾಯಿಲೆ ಬಾರದಷ್ಟೆ? ಬೆಳಗಿನಿಂದ ಬೈಗಿನವರೆಗೆ ತೋಟದಲ್ಲಿಯೇ ಇರುವವನಿಗೆ ಬೇರೆ ವ್ಯಾಯಾಮವೇತಕ್ಕೆ? ರೋಗಕ್ಕೆ ಮದ್ದು ಹೇಳುವುದು ವೈದ್ಯರ ಕೆಲಸವಾದುದರಿಂದ ಅದರಲ್ಲಿ ನಾನು ಕೈಯಿಡುವುದಿಲ್ಲ. ಆದರೆ ಆಹಾರವು ಹುಟ್ಟುವುದು ಜಮೀನಿನಲ್ಲಿ. ಯಾವ ಜಮೀನಿನಲ್ಲಿ ಏನನ್ನು ಬೆಳೆದರೆ ಮನೆಯ ಅಡಿಗೆಗೆ ಏನು ಬರುವುದೆಂಬುದು ನಮ್ಮ ಇಲಾಖೆಯ ವಿಷಯವೇ ಆಗಿದೆ. ಅಷ್ಟರ ಮಟ್ಟಿಗೆ ಈ ಪ್ರಶ್ನೆಗಳಿಗೆ ಉತ್ತರ ಹೇಳಲು ಇಲ್ಲಿ ಪ್ರಯತ್ನಿಸಿದೆ.

ಪ್ರಶ್ನೆಗಳು ಹುಟ್ಟಲು ಕಾರಣವಿಲ್ಲದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನವರು ದೇಶದಾದ್ಯಂತ ನಡೆಸಿದ ಪರೀಕ್ಷೆಯ ಫಲವು 2023ರಲ್ಲಿ ಪ್ರಕಟವಾಯಿತು. ಅದರಂತೆ 20 ವರ್ಷ ತುಂಬಿದವರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವೂ, 35.5 ಮಂದಿಗೆ ರಕ್ತದ ಒತ್ತಡವೂ ಇರುವುದಾಗಿ ತಿಳಿದುಬಂದಿದೆ. ಮಧುಮೇಹವು ಪಟ್ಟಣದವರ ಕಾಯಿಲೆಯೆಂದು ಹಳ್ಳಿಯವರು ಸಮಾಧಾನಪಟ್ಟುಕೊಳ್ಳುತ್ತಿದ್ದ ಕಾಲ ಹೋಯಿತು. ಅದೇ ಪರೀಕ್ಷೆಯಲ್ಲಿ ಹಳ್ಳಿಗಳ ಪ್ರಮಾಣವೂ ನೂರಕ್ಕೆ 8.9ರಷ್ಟಿದೆ. ಐವತ್ತು ವರ್ಷದ ಯಜಮಾನನೊಬ್ಬನು ಲಕ್ವ ಹೊಡೆದು ಮಲಗಿದರೆ ಮನೆಯಲ್ಲಿ ಏನಾಗುವುದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಬ್ಯಾಂಕಿನ ಸಾಲ, ಕೊಳವೆ ಬಾವಿಯ ರಿಪೇರಿ, ಪಾಲುಪಾರಿಕತ್ತಿನ ವ್ಯಾಜ್ಯ ಎಲ್ಲವೂ ಅನುಭವವಿಲ್ಲದವರ ತಲೆಯ ಮೇಲೆ ಬೀಳುತ್ತವೆ. ಆಸ್ಪತ್ರೆಯ ಖರ್ಚಿಗೆ ತೋಟದ ಒಂದು ತುಂಡು ಹೋಗುವುದೂ ಉಂಟು.

ಹೊಲ ಹೋಗಿ ತೋಟ ಬಂದುದು

ಈ ಸೀಮೆಯ ಖುಷ್ಕಿ ಜಮೀನಿನಲ್ಲಿ ಹಿಂದೆ ಏನು ಬೆಳೆಯುತ್ತಿತ್ತೆಂಬುದನ್ನು ಹಿರಿಯರು ಬಲ್ಲರು. ಪೂರ್ವ ಮುಂಗಾರಿನ ಮಳೆಗೆ ಹೆಸರು, ಅಲಸಂದೆ, ಎಳ್ಳು. ಅದರ ಹಿಂದೆ ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಮಳೆ ತಡವಾದರೆ ಹುರುಳಿ. ತೆಂಗಿನ ತೋಟವು ಕೆರೆಯ ಹಿಂದೆಯೋ ಹಳ್ಳದ ಬದಿಯ ತಗ್ಗಿನಲ್ಲಿಯೋ ಇರುತ್ತಿತ್ತು. ಕೊಳವೆ ಬಾವಿಗಳು ಬಂದ ಮೇಲೆ ತೋಟವು ದಿಣ್ಣೆಯನ್ನೂ ಏರಿತು. ರಾಗಿಯ ಹೊಲಗಳು ಒಂದೊಂದಾಗಿ ತೆಂಗಿನ ಸಾಲುಗಳಾದವು. ಇದರಿಂದ ಹಣ ಬಂತು. ತಿಪಟೂರಿನ ಉಂಡೆ ಕೊಬ್ಬರಿಯು ಉತ್ತರ ದೇಶದ ಮಾರುಕಟ್ಟೆಗಳಲ್ಲಿ ಹೆಸರಾಗಿರುವುದು ಸರ್ವವಿದಿತ. ಆ ಹಣದಿಂದಲೇ ಎಷ್ಟೋ ಮನೆಗಳಲ್ಲಿ ಸಾಲ ತೀರಿದೆ, ಮಕ್ಕಳು ಓದಿದ್ದಾರೆ. ಆದಕಾರಣ ತೋಟವನ್ನು ಕಿತ್ತು ಹೊಲ ಮಾಡಿರೆಂದು ಹೇಳುವ ಅವಿವೇಕವನ್ನು ನಾನು ಮಾಡುವುದಿಲ್ಲ.

ಆದರೆ ಹೊಲ ಹೋದಾಗ ಅದರೊಡನೆ ಮೂರು ವಸ್ತುಗಳು ಸದ್ದಿಲ್ಲದೆ ಹೋದವು. ಒಂದು, ಅಟ್ಟುಣ್ಣುತ್ತಿದ್ದ ರಾಗಿ ಮತ್ತು ಕಾಳು. ಎರಡನೆಯದು, ಹೊಲದ ಬದುಗಳಲ್ಲಿ ಬಿತ್ತದೆ ಬೆಳೆಯುತ್ತಿದ್ದ ಸೊಪ್ಪು. ಮೂರನೆಯದು, ಉಳುವ, ಕುಂಟೆ ಹೊಡೆಯುವ, ಕಳೆ ತೆಗೆಯುವ, ಕೊಯ್ಯುವ, ಕಣ ಮಾಡುವ ದೇಹಶ್ರಮ. ಹೋದ ಮೂರನ್ನೂ ಒಬ್ಬನೇ ವೈದ್ಯನು ಮಾತ್ರೆಯಲ್ಲಿ ಕೊಡಲಾರನು. ತೋಟದ ಒಡೆಯರು ಇವನ್ನು ತಮ್ಮ ತೋಟದಲ್ಲಿಯೇ ಮತ್ತೆ ಪಡೆಯುವುದು ಹೇಗೆಂಬುದೇ ಈ ಲೇಖನದ ವಿಷಯ.

ತೆಂಗಿನಕಾಯಿಯ ಮೇಲಿನ ಆಪಾದನೆ

ಮೊದಲು ಎಲ್ಲರೂ ಕೇಳುವ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಹಸಿಯ ಕಾಯಿಯ ತಿರುಳಿನಲ್ಲಿ ನೂರಕ್ಕೆ ಸುಮಾರು 41 ಪಾಲು ಕೊಬ್ಬು ಇದೆ. ಒಣ ಕೊಬ್ಬರಿಯಲ್ಲಿ ಸುಮಾರು 62 ಪಾಲು. ಈ ಕೊಬ್ಬಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಪರ್ಯಾಪ್ತ ಕೊಬ್ಬು, ಅಂದರೆ ತಣ್ಣಗಾದರೆ ಬೆಣ್ಣೆಯಂತೆ ಗಟ್ಟಿಯಾಗುವ ಜಾತಿಯದು. ಕೊಬ್ಬರಿ ಎಣ್ಣೆಯನ್ನು ಇತರ ಬೀಜದ ಎಣ್ಣೆಗಳೊಡನೆ ಹೋಲಿಸಿ ಮಾಡಿದ ಪರೀಕ್ಷೆಗಳಲ್ಲಿ, ಅದು ರಕ್ತನಾಳಗಳಿಗೆ ಕೆಡುಕಾದ ಕೊಲೆಸ್ಟರಾಲನ್ನು ಏರಿಸುವುದೆಂದು ಕಂಡುಬಂದಿದೆ. ಇದನ್ನು ತೆಂಗಿನ ನಾಡಿನವರೆಂಬ ಅಭಿಮಾನದಿಂದ ಮುಚ್ಚಿಡುವುದು ಸರಿಯಲ್ಲ. ಹೃದಯಕ್ಕೆ ಅಮೃತವೆಂದು ಕೊಬ್ಬರಿ ಎಣ್ಣೆಯನ್ನು ಬೆಳಿಗ್ಗೆ ಚಮಚದಲ್ಲಿ ಕುಡಿಯಿರೆಂದು ಹೇಳುವವರು ಈಚೆಗೆ ಹೊರಟಿದ್ದಾರೆ. ಅವರ ಮಾತನ್ನು ಕೇಳಬೇಡಿರಿ.

ಹಾಗಾದರೆ ಸಾರಿಗೆ ಕಾಯಿ ಹಾಕುವುದನ್ನು ಬಿಡಬೇಕೆ? ಬಿಡಬೇಕಾಗಿಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಕಾಯಿಯಲ್ಲಿ 250 ಗ್ರಾಂ ತಿರುಳು ಇದೆಯೆಂದು ಇಟ್ಟುಕೊಂಡರೆ ಅದರಲ್ಲಿ ಸುಮಾರು 100 ಗ್ರಾಂ ಕೊಬ್ಬು ಇರುವುದು. ಐದು ಜನರ ಮನೆಯಲ್ಲಿ ದಿನಕ್ಕೆ ಅರ್ಧ ಕಾಯಿ ಖರ್ಚಾದರೆ ತಲೆಗೆ 10 ಗ್ರಾಂ ಆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಆಹಾರ ಸೂಚನೆಗಳಲ್ಲಿ, ಸಾಧಾರಣ ವ್ಯಕ್ತಿಗೆ ದಿನಕ್ಕೆ ಅಡಿಗೆಯ ಎಣ್ಣೆ ತುಪ್ಪಗಳೆಲ್ಲ ಸೇರಿ ಸುಮಾರು 27 ಗ್ರಾಂ ಸಾಕೆಂದಿದ್ದಾರೆ. ಅರ್ಧ ಕಾಯಿಯಿಂದ ಈ ಮಿತಿ ಮೀರುವುದಿಲ್ಲ. ಮೀರುವುದು ಬೇರೆ ಕಡೆಯಿಂದ. ಅದೇ ಐದು ಜನರ ಮನೆಗೆ ತಿಂಗಳಿಗೆ ಅಂಗಡಿಯಿಂದ ಐದು ಲೀಟರು ಎಣ್ಣೆ ಬರುತ್ತಿದ್ದರೆ ತಲೆಗೆ ದಿನವೊಂದಕ್ಕೆ 30 ಗ್ರಾಂ ಆಗುತ್ತದೆ. ಇದರ ಮೇಲೆ ಕಾಯಿಯ 10 ಗ್ರಾಂ, ಪಟ್ಟಣದ ಬೇಕರಿಯ ತಿಂಡಿಯಲ್ಲಿರುವ ಕೊಬ್ಬು, ಕರಿದ ಬೋಂಡದ್ದು ಇಷ್ಟೂ ಸೇರಿದವು. ಹಿಂದಿನ ಮನೆಗಳಲ್ಲಿ ಕಾಯಿಯಿತ್ತು, ಅಂಗಡಿಯ ಎಣ್ಣೆಯ ಡಬ್ಬ ಇರಲಿಲ್ಲ. ಒಗ್ಗರಣೆಗೆ ಹುಚ್ಚೆಳ್ಳೆಣ್ಣೆಯೋ ಕಡಲೆಕಾಯಿ ಎಣ್ಣೆಯೋ ಒಂದು ಹುಟ್ಟು ಸಾಕಾಗುತ್ತಿತ್ತು. ಆದುದರಿಂದ ಕಾಯಿ ಹಾಕಿದ ದಿನ ಎಣ್ಣೆಯನ್ನು ಕಡಿಮೆಮಾಡುವುದೇ ಸರಿಯಾದ ಕ್ರಮ. ವೈದ್ಯರು ಹೃದ್ರೋಗದ ಕಾರಣದಿಂದ ಕಾಯಿಯನ್ನು ಬಿಡಿಸಿರುವವರು ಮಾತ್ರ ಅವರು ಹೇಳಿದಂತೆ ನಡೆಯತಕ್ಕದ್ದು.

ಪೆಸಿಫಿಕ್ ಮಹಾಸಾಗರದಲ್ಲಿ ಟೊಕೆಲಾವು ಎಂಬ ಸಣ್ಣ ದ್ವೀಪಗಳಿವೆ. ಅಲ್ಲಿ ತೆಂಗು ಮತ್ತು ಮೀನು ಇವೇ ಮುಖ್ಯ ಆಹಾರವಾಗಿದ್ದ ಕಾಲದಲ್ಲಿ ವೈದ್ಯರು ಹೋಗಿ ಪರೀಕ್ಷಿಸಿದರು. 1981ರಲ್ಲಿ ಪ್ರಕಟವಾದ ಅವರ ವರದಿಯಂತೆ, ಆ ಜನರ ದೇಹಕ್ಕೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಂಗಿನಿಂದಲೇ ಬರುತ್ತಿತ್ತು. ಅವರ ರಕ್ತದಲ್ಲಿ ಕೊಲೆಸ್ಟರಾಲು ಹೆಚ್ಚಾಗಿದ್ದರೂ ಹೃದ್ರೋಗವು ವಿರಳವಾಗಿತ್ತು. ಅನಂತರ ಅವರಲ್ಲಿ ಅನೇಕರು ನ್ಯೂಜಿಲೆಂಡಿಗೆ ವಲಸೆ ಹೋಗಿ, ತೆಂಗನ್ನು ಕಡಿಮೆಮಾಡಿ, ಬ್ರೆಡ್ಡು, ಸಕ್ಕರೆ, ಮಾಂಸಗಳನ್ನು ರೂಢಿಸಿಕೊಂಡರು. ಅವರ ತೂಕ ಹೆಚ್ಚಿತು, ರಕ್ತದ ಒತ್ತಡವೂ ಮಧುಮೇಹವೂ ಹೆಚ್ಚಿದವು. ಇದರಿಂದ ತೆಂಗು ನಿರ್ದೋಷಿಯೆಂದು ತೀರ್ಮಾನಿಸಲಾಗದು, ಏಕೆಂದರೆ ದ್ವೀಪದಲ್ಲಿದ್ದಾಗ ಅವರು ಮೀನು ಹಿಡಿಯುತ್ತ, ದೋಣಿ ನಡೆಸುತ್ತ, ಮರ ಹತ್ತುತ್ತ ಬದುಕುತ್ತಿದ್ದರು. ಒಂದು ಪದಾರ್ಥವನ್ನು ಮಾತ್ರ ಹಿಡಿದುಕೊಂಡು ರೋಗದ ಕಾರಣವನ್ನು ಹುಡುಕಬಾರದೆಂಬಷ್ಟು ಇದರಿಂದ ತಿಳಿಯುತ್ತದೆ. ಅವರು ದ್ವೀಪವನ್ನೇ ಬಿಟ್ಟು ಹೋಗಿ ಪಡೆದ ಬದಲಾವಣೆಯನ್ನು ನಾವು ಊರು ಬಿಡದೆ ಪಡೆಯುತ್ತಿದ್ದೇವೆ.

ಎಳನೀರಿನ ವಿಷಯದಲ್ಲಿ ಎರಡು ಮಾತು. ಬಿಸಿಲಿನಲ್ಲಿ ದುಡಿದವನಿಗೆ ಅದು ಉತ್ತಮವಾದ ಪಾನೀಯ. ಆದರೆ ಒಂದು ಎಳನೀರಿನಲ್ಲಿ ಸುಮಾರು ಮೂರು ಚಮಚದಷ್ಟು ಸಕ್ಕರೆ ಇರುವುದರಿಂದ ಮಧುಮೇಹಿಗಳು ನೀರಿನಂತೆ ಕುಡಿಯಕೂಡದು. ಅದರಲ್ಲಿ ಪೊಟ್ಯಾಸಿಯಂ ಲವಣವೂ ಹೇರಳವಾಗಿದೆ. ಮೂತ್ರಪಿಂಡದ ಕಾಯಿಲೆಯವರಿಗೆ ಇದು ಅಪಾಯಕಾರಿ. ಅಂಥವರ ಹಾಸಿಗೆಯ ಬಳಿಗೆ ನೆಂಟರು ಪ್ರೀತಿಯಿಂದ ಎಳನೀರನ್ನೇ ತರುವುದು ನಮ್ಮ ಕಡೆಯ ಪದ್ಧತಿಯಾದುದರಿಂದ ಇದನ್ನು ವಿಶೇಷವಾಗಿ ಹೇಳಿದೆ.

ರಾಗಿ, ಅಕ್ಕಿ, ಕಾಳು

ನಯಮಾಡಿದ ಅಕ್ಕಿಯಿಂದ ಬರುವ ಕೇಡು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್ಮನ್ ಎಂಬ ಡಚ್ ವೈದ್ಯನು, ತೌಡು ತೆಗೆದ ಅಕ್ಕಿಯನ್ನು ಮಾತ್ರ ತಿಂದ ಕೋಳಿಗಳಿಗೆ ಕಾಲುಗಳ ಶಕ್ತಿ ಉಡುಗಿಹೋಗುವುದನ್ನೂ, ತೌಡು ತೆಗೆಯದ ಅಕ್ಕಿ ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನೂ ಕಂಡನು. ಜೀವಸತ್ವಗಳ ಶಾಸ್ತ್ರಕ್ಕೆ ದಾರಿ ಮಾಡಿದ ಈ ಕೆಲಸಕ್ಕಾಗಿ ಅವನಿಗೆ 1929ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ನಮ್ಮ ಸೀಮೆಯಲ್ಲಿ ಅನ್ನವು ಹಬ್ಬದ ಊಟವಾಗಿದ್ದಾಗ ಈ ಪ್ರಶ್ನೆ ಹುಟ್ಟಲಿಲ್ಲ. ಈಗ ನ್ಯಾಯಬೆಲೆ ಅಂಗಡಿಯ ಅಕ್ಕಿಯಿಂದ ಬಡವರ ಹಸಿವು ತಪ್ಪಿದೆ, ಇದು ದೊಡ್ಡ ಉಪಕಾರ. ಆದರೆ ಸ್ವಂತ ಜಮೀನುಳ್ಳವರೂ ಬೆಳಿಗ್ಗೆ ಇಡ್ಲಿ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಮುದ್ದೆಯ ಮೇಲೆ ಅನ್ನವೆಂದು ಮೂರು ಹೊತ್ತೂ ಅಕ್ಕಿಗೆ ಬಂದಿರುವುದಕ್ಕೆ ಹಸಿವು ಕಾರಣವಲ್ಲ. ರಾಗಿಯು ಬಡವರ ಧಾನ್ಯವೆಂಬ ಭಾವನೆಯೇ ಕಾರಣ. ರಾಗಿಗೂ ಭತ್ತಕ್ಕೂ ನಡೆದ ಮೇಲಾಟದಲ್ಲಿ ರಾಗಿಯನ್ನು ಗೆಲ್ಲಿಸಿ ಕನಕದಾಸರು ರಾಮಧಾನ್ಯ ಚರಿತೆಯನ್ನೇ ಬರೆದಿದ್ದರೂ ಈ ಭಾವನೆ ಹೋಗಿಲ್ಲ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ನಯ ಅಕ್ಕಿಯಲ್ಲಿ 10 ಮಿಲಿಗ್ರಾಂ ಸಹ ಸಿಕ್ಕುವುದು ಕಷ್ಟ. ಮೂಳೆ ಬೆಳೆಯುವ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ವಯಸ್ಸಾದವರಿಗೂ ಈ ಒಂದು ಭೇದವೇ ಸಾಕು. ನಾರಿನ ಅಂಶವೂ ರಾಗಿಯಲ್ಲಿ ಹೆಚ್ಚು, ಆದರೆ ಹಿಟ್ಟನ್ನು ಬಹು ನಯವಾದ ಜರಡಿಯಲ್ಲಿ ಆಡಿಸಿ ಉಳಿದುದನ್ನು ದನಗಳಿಗೆ ಹಾಕಿದರೆ ಆ ಪ್ರಯೋಜನದಲ್ಲಿ ಬಹುಭಾಗ ದನಗಳಿಗೇ ಹೋಗುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಸರಿಹಿಟ್ಟಿನಿಂದ ಸುಣ್ಣವೂ ಕಬ್ಬಿಣವೂ ದೇಹಕ್ಕೆ ಹೆಚ್ಚು ಸುಲಭವಾಗಿ ಸೇರುತ್ತವೆ. ನಮ್ಮ ಅಜ್ಜಿಯಂದಿರು ಕೂಸುಗಳಿಗೆ ಮಾಡುತ್ತಿದ್ದುದು ಇದನ್ನೇ.

ಆದರೂ ಮುದ್ದೆ ಉಣ್ಣುವವನಿಗೆ ಸಕ್ಕರೆಯ ಕಾಯಿಲೆ ಬಾರದೆಂಬ ನಂಬಿಕೆಗೆ ಆಧಾರವಿಲ್ಲ. ರಾಗಿಯಲ್ಲಿಯೂ ಹತ್ತರಲ್ಲಿ ಏಳು ಪಾಲು ಪಿಷ್ಟವೇ. ನೇಗಿಲು ಹಿಡಿದವನು ಉಣ್ಣುತ್ತಿದ್ದ ಎರಡು ದಪ್ಪ ಮುದ್ದೆಗಳನ್ನು ಮೋಟಾರು ಸೈಕಲ್ಲಿನ ಮೇಲೆ ಓಡಾಡುವವನೂ ಉಂಡರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಮೇಲೆ ಹೇಳಿದ ಪೋಷಣ ಸಂಸ್ಥೆಯ ಸೂಚನೆಯಂತೆ ಸಾಧಾರಣ ಶ್ರಮದ ವ್ಯಕ್ತಿಗೆ ಧಾನ್ಯಗಳೆಲ್ಲ ಸೇರಿ ದಿನಕ್ಕೆ 250 ಗ್ರಾಂ ಸಾಕು. ಇದು ಬೇಯಿಸುವ ಮೊದಲಿನ ತೂಕ. ಕಾಳುಬೇಳೆ, ಮೊಟ್ಟೆ, ಮಾಂಸಗಳು ಸೇರಿ 85 ಗ್ರಾಂ ಇರಬೇಕು. ನಮ್ಮ ಊಟದಲ್ಲಿ ತಪ್ಪಿರುವುದು ಈ ಎರಡರ ತೂಕವೇ. ಧಾನ್ಯವು ಇಮ್ಮಡಿಯಾಗಿರುತ್ತದೆ, ಬೇಳೆಯು ಸಾರಿನ ತಳದಲ್ಲಿ ಹುಡುಕುವಷ್ಟಿರುತ್ತದೆ.

ಪ್ರೋಟೀನು ಎಂಬ ಮಾಂಸವರ್ಧಕ ಸತ್ವವು ರಾಗಿಯಲ್ಲಿ ನೂರಕ್ಕೆ 7ರಷ್ಟು ಮಾತ್ರ. ಹುರುಳಿಯಲ್ಲಿ 22ರಷ್ಟೂ, ಒಣ ಅವರೆಯಲ್ಲಿ 24ರಷ್ಟೂ ಇದೆ. ಮುದ್ದೆಯೊಡನೆ ಹುರುಳಿಯ ಬಸ್ಸಾರನ್ನು ಕೂಡಿಸಿದವರು ಯಾರೋ ತಿಳಿಯದು, ಆದರೆ ಅದಕ್ಕಿಂತ ಮೇಲಾದ ಕೂಟವನ್ನು ಶಾಸ್ತ್ರಜ್ಞರೂ ಹೇಳಲಾರರು. ಕಾಳನ್ನು ಸೊಪ್ಪಿನೊಡನೆ ಬೇಯಿಸಿ, ಬಸಿದ ನೀರನ್ನು ಚೆಲ್ಲದೆ ಸಾರು ಮಾಡಿ, ಕಾಳುಸೊಪ್ಪನ್ನು ತುಸು ಕಾಯಿತುರಿಯೊಡನೆ ಪಲ್ಯ ಮಾಡುವುದರಿಂದ, ನೀರಿನಲ್ಲಿ ಕರಗುವ ಜೀವಸತ್ವಗಳು ಸಹ ಎಲೆಗೇ ಬರುತ್ತವೆ. ಹುರುಳಿಯನ್ನು ಎತ್ತಿಗೂ ಕುದುರೆಗೂ ಸರಿಯೆಂದು ಕೀಳಾಗಿ ಕಾಣುವವರಿದ್ದಾರೆ. ದುಡಿಯುವ ಪ್ರಾಣಿಗೆ ಯಾವುದನ್ನು ಆರಿಸಿ ಕೊಟ್ಟರೆಂಬುದನ್ನು ಅವರು ಯೋಚಿಸಿ ನೋಡಲಿ.

ಐದು ಜನರ ಮನೆಗೆ ಮೇಲಿನ ಪ್ರಮಾಣದಲ್ಲಿ ಒಂದು ವರ್ಷಕ್ಕೆ ನಾಲ್ಕೂವರೆ ಕ್ವಿಂಟಾಲು ಧಾನ್ಯ ಬೇಕು. ಅದರಲ್ಲಿ ಅರ್ಧ ರಾಗಿಯೆಂದರೆ ಎರಡೂಕಾಲು ಕ್ವಿಂಟಾಲು. ರಾಗಿ ಲಕ್ಷ್ಮಣಯ್ಯನವರೆಂದು ಪ್ರಸಿದ್ಧರಾದ ವಿಜ್ಞಾನಿಗಳು ಮಂಡ್ಯದಲ್ಲಿ ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಸಂಕರಮಾಡಿ ಇಂಡಾಫ್ ತಳಿಗಳನ್ನು ಕೊಟ್ಟಂದಿನಿಂದ ಇಳುವರಿಯು ಬಹಳ ಹೆಚ್ಚಿದೆ. ಸಾಧಾರಣ ಮಳೆಯ ವರ್ಷದಲ್ಲಿ ಅರ್ಧ ಎಕರೆ ಖುಷ್ಕಿಯಿಂದ ಇಷ್ಟು ರಾಗಿ ಬರಲಡ್ಡಿಯಿಲ್ಲ. ಇರುವ ಜಮೀನನ್ನೆಲ್ಲ ತೆಂಗಿಗೆ ಬಿಟ್ಟಿರುವವರೂ ಹೊಸದಾಗಿ ಸಸಿ ನೆಡಬೇಕೆಂದಿರುವವರೂ ಮನೆಯ ರಾಗಿಗಾಗಿ ಈ ಅರ್ಧ ಎಕರೆಯನ್ನು ಉಳಿಸಿಕೊಳ್ಳುವುದು ಅಸಾಧ್ಯವಲ್ಲ. ಇನ್ನು ಕಾಳು. ಇದೇ ಲೆಕ್ಕದಲ್ಲಿ ವರ್ಷಕ್ಕೆ ಒಂದೂವರೆ ಕ್ವಿಂಟಾಲಿನಷ್ಟು ಆಗುತ್ತದೆ. ಮೊಟ್ಟೆ ಮಾಂಸಗಳನ್ನು ತಿನ್ನುವ ಮನೆಗಳಲ್ಲಿ ಇದಕ್ಕಿಂತ ಕಡಿಮೆ. ತಮ್ಮ ಮನೆಗೆ ಕಳೆದ ವರ್ಷ ಎಷ್ಟು ಬೇಳೆ ಕಾಳು ಬಂದಿತೆಂದು ವಾಚಕರು ಅಂಗಡಿಯ ಚೀಟಿಗಳನ್ನು ತೆಗೆದು ಹೋಲಿಸಿ ನೋಡಬಹುದು.

ತೋಟದ ಖಾಲಿ ನೆಲ

ಕಾಳಿಗೂ ಸೊಪ್ಪಿಗೂ ಜಮೀನು ಎಲ್ಲಿದೆಯೆಂದು ಕೇಳುವಿರಿ. ಮೂವತ್ತು ಅಡಿಗೊಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ 48 ಮರಗಳು. ಒಂದೊಂದು ಮರದ ಬುಡಕ್ಕೆ ಆರು ಅಡಿ ಅಳತೆಯ ಪಾತಿಯನ್ನು ಸುತ್ತಲೂ ಬಿಟ್ಟರೂ, ಎಲ್ಲ ಪಾತಿಗಳೂ ಸೇರಿ ಎಕರೆಯ ಎಂಟರಲ್ಲಿ ಒಂದು ಪಾಲನ್ನು ಮಾತ್ರ ಹಿಡಿಯುತ್ತವೆ. ಉಳಿದ ಏಳು ಪಾಲು ಹುಲ್ಲಿಗೂ ಕಳೆಗೂ ಮೀಸಲಾಗಿದೆ. ಸಸಿಗಳಿಗೆ ಏಳೆಂಟು ವರ್ಷ ತುಂಬುವವರೆಗೂ, ಮರಗಳಿಗೆ ಇಪ್ಪತ್ತೈದು ವರ್ಷ ಕಳೆದು ಗರಿಗಳು ಮೇಲೆ ಹೋದ ಮೇಲೂ, ನಡುವಿನ ನೆಲಕ್ಕೆ ಬೇಕಾದಷ್ಟು ಬಿಸಿಲು ಬೀಳುತ್ತದೆ. ಪೂರ್ವ ಮುಂಗಾರಿಗೆ ಹೆಸರು, ಅಲಸಂದೆ, ಆಗಸ್ಟ್ ಸೆಪ್ಟೆಂಬರಿನಲ್ಲಿ ಹುರುಳಿ ಇಲ್ಲಿ ಬರುತ್ತವೆ. ಈ ಬೆಳೆಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುವುದರಿಂದ ತೆಂಗಿಗೂ ಲಾಭವೇ ಹೊರತು ನಷ್ಟವಿಲ್ಲ. ಹದಿನೈದು ಇಪ್ಪತ್ತು ವರ್ಷದ ದಟ್ಟ ನೆರಳಿನ ತೋಟದಲ್ಲಿ ಮಾತ್ರ ಕಾಳು ಚೆನ್ನಾಗಿ ಕಟ್ಟುವುದಿಲ್ಲ. ಅಲ್ಲಿ ಬದುವಿನ ಅಂಚನ್ನು ನೋಡಿಕೊಳ್ಳಬೇಕು.

ಮನೆಯ ತರಕಾರಿಗೆ ಎರಡು ಗುಂಟೆ ಸಾಕು. ಬಚ್ಚಲ ನೀರು ಹರಿಯುವ ಕಡೆ ದಂಟು, ಬಸಳೆ, ಬದನೆ, ಅವರೆ ಚಪ್ಪರ. ಬದುವಿಗೆ ಎರಡು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ, ನಾಲ್ಕು ಪಪ್ಪಾಯಿ. ನುಗ್ಗೆಯ ಕಾಯಿಯನ್ನು ಸಂತೆಗೆ ಕಳುಹಿಸಿ ಸೊಪ್ಪನ್ನು ಆಡಿಗೆ ಹಾಕುವುದು ವಾಡಿಕೆಯಾಗಿದೆ. ಆ ಸೊಪ್ಪಿನಲ್ಲಿ ಹೇರಳವಾಗಿ ಸುಣ್ಣದ ಅಂಶವಿದೆಯೆಂಬುದು ಆಡಿಗೆ ತಿಳಿದಿರಲಾರದು, ನಮಗಾದರೂ ತಿಳಿದಿರಬೇಕು.

ಬಿತ್ತದೆ ಬರುವ ಸೊಪ್ಪುಗಳು ಇನ್ನೂ ಕೆಲವು ತೋಟಗಳಲ್ಲಿವೆ. ಅಣ್ಣೆ, ಗಣಿಕೆ, ಹೊನಗೊನ್ನೆ, ಕಿರುಕಸಾಲೆ ಇವುಗಳನ್ನು ಕೂಡಿಸಿ ಬೆರಕೆ ಸೊಪ್ಪಿನ ಮಸ್ಸೊಪ್ಪು ಮಾಡಬಲ್ಲ ಹೆಂಗಸರು ಈಗ ಐವತ್ತು ದಾಟಿದವರೇ. ಕಳೆನಾಶಕವನ್ನು ಹೊಡೆದ ತೋಟದಲ್ಲಿ ಈ ಸೊಪ್ಪುಗಳೂ ಕಳೆಯೇ, ಅವೂ ಸಾಯುತ್ತವೆ. ಹೊಡೆದ ಮೂರು ನಾಲ್ಕು ದಿನ ಅವು ಹಸಿರಾಗಿಯೇ ಕಾಣುವುದುಂಟು. ಆಗ ಅರಿಯದೆ ಕುಯ್ದು ಬೇಯಿಸುವುದು ಅಪಾಯ. ಕಳೆನಾಶಕ ಹೊಡೆಸಿದ ಯಜಮಾನರು ಆ ಸಂಗತಿಯನ್ನು ಮನೆಯ ಹೆಂಗಸರಿಗೂ ಸೊಪ್ಪು ಕುಯ್ಯಲು ಬರುವ ಊರಿನ ಬಡವರಿಗೂ ತಪ್ಪದೆ ತಿಳಿಸತಕ್ಕದ್ದು. ಮನೆಯ ಸುತ್ತಲಿನ ಕಾಲು ಎಕರೆಗಾದರೂ ಅದನ್ನು ಹೊಡೆಸದಿರುವುದು ಇನ್ನೂ ಲೇಸು.

ಹಾಲಿನ ವಿಷಯವಾಗಿ ಹೇಳಲು ಸಂಕೋಚವಾದರೂ ಹೇಳಬೇಕಾಗಿದೆ. ಎರಡು ಸೀಮೆಹಸು ಕಟ್ಟಿರುವ ಮನೆಯಲ್ಲಿ ಎರಡು ಹೊತ್ತೂ ಡೇರಿಗೆ ಕ್ಯಾನು ಹೋಗುತ್ತದೆ, ಮಕ್ಕಳಿಗೆ ಕಾಫಿಗಾಗುವಷ್ಟು ಉಳಿಯುತ್ತದೆ. ಸಸ್ಯಾಹಾರಿಗಳಿಗೆ ಬಿ-12 ಎಂಬ ಜೀವಸತ್ವವು ಹಾಲು ಮೊಸರುಗಳಿಂದಲ್ಲದೆ ಬೇರೆ ಯಾವ ಸಹಜ ಆಹಾರದಿಂದಲೂ ಸಾಕಷ್ಟು ಸಿಕ್ಕುವುದಿಲ್ಲ. ಅದು ಕಡಿಮೆಯಾದರೆ ರಕ್ತಹೀನತೆಯೂ ಕೈಕಾಲು ಜೋಮು ಹಿಡಿಯುವುದೂ ಬರುತ್ತವೆ. ತಲೆಗೆ ಒಂದು ದೊಡ್ಡ ಲೋಟದ ಹಾಲು ಅಥವಾ ಮೊಸರನ್ನು ತೆಗೆದಿಟ್ಟು ಮಿಕ್ಕುದನ್ನು ಅಳೆಯಬೇಕು.

ಮನೆಯಲ್ಲಿ ಕೊನೆಗೆ ಉಣ್ಣುವವರ ಲೆಕ್ಕವನ್ನೂ ಯಜಮಾನರು ನೋಡಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಗಂಡಸರು ಉಂಡ ಮೇಲೆ ಉಳಿದ ಅನ್ನಕ್ಕೆ ತಿಳಿಸಾರು ಹಾಕಿಕೊಂಡು, ಮೇಲೆ ಒಂದು ಲೋಟ ಕಾಫಿ ಕುಡಿದು ಏಳುವ ಹೆಂಗಸಿಗೆ ಕಬ್ಬಿಣದ ಅಂಶವು ಎಲ್ಲಿಂದ ಬರಬೇಕು? ಊಟದೊಡನೆ ಕುಡಿದ ಕಾಫಿ ಟೀಗಳು ಇರುವ ಕಬ್ಬಿಣವನ್ನೂ ದೇಹಕ್ಕೆ ಸೇರಗೊಡುವುದಿಲ್ಲ. ನಿಂಬೆಯ ರಸವು ಸೇರಿಸುತ್ತದೆ. ಕಾಫಿಯನ್ನು ಊಟಕ್ಕೆ ಒಂದು ಗಂಟೆ ದೂರ ಇಡುವುದಕ್ಕೂ, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡುವುದಕ್ಕೂ, ಕಾಳನ್ನು ಎಲ್ಲರಿಗೂ ಸಮನಾಗಿ ಬಡಿಸುವುದಕ್ಕೂ ಖರ್ಚೇನೂ ಇಲ್ಲ.

ತೋಟದ ನಡಿಗೆ

ದಿನವೆಲ್ಲ ತೋಟದಲ್ಲಿರುವವನಿಗೆ ವ್ಯಾಯಾಮವೇತಕ್ಕೆಂಬ ಪ್ರಶ್ನೆಗೆ, ತೋಟದಲ್ಲಿದ್ದು ಏನು ಮಾಡುತ್ತಾನೆಂಬ ಪ್ರಶ್ನೆಯೇ ಉತ್ತರ. ಪಾತಿ ಅಗೆಯುವುದು ಕೂಲಿಯವರು, ಉಳುವುದು ಟ್ರ್ಯಾಕ್ಟರು, ನೀರು ಹಾಯಿಸುವುದು ಹನಿಯ ಕೊಳವೆ, ಕಾಯಿ ಕೆಡಹುವುದು ಗುತ್ತಿಗೆಯವರು. ಯಜಮಾನರು ಮೋಟಾರು ಸೈಕಲ್ಲಿನಲ್ಲಿ ಪಂಪಿನ ಮನೆಯವರೆಗೆ ಹೋಗಿ, ಸ್ವಿಚ್ಚು ಒತ್ತಿ, ಕಲ್ಲಿನ ಮೇಲೆ ಕುಳಿತು, ಬಿಸಿಲೇರಿದ ಮೇಲೆ ಬರುತ್ತಾರೆ. ಬಿಸಿಲು ತಾಗಿದ್ದರಿಂದ ಬೆವರು ಬಂದಿರುತ್ತದೆ, ಆದರೆ ಬೆವರೆಲ್ಲ ವ್ಯಾಯಾಮದ ಬೆವರಲ್ಲ.

ವಾರಕ್ಕೆ 150 ನಿಮಿಷಗಳಾದರೂ ಉಸಿರು ತುಸು ಏರುವಷ್ಟು ವೇಗದ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದಾರೆ. ಐದು ದಿನಗಳಿಗೆ ಹಂಚಿದರೆ ದಿನಕ್ಕೆ ಅರ್ಧ ಗಂಟೆ. ಇದಕ್ಕಾಗಿ ಪಟ್ಟಣದವರಂತೆ ಬೂಟು ಹಾಕಿಕೊಂಡು ರಸ್ತೆಯಲ್ಲಿ ನಡೆಯಲು ನಮ್ಮವರಿಗೆ ನಾಚಿಕೆ. ನಾಚಿಕೆಪಡುವ ಅಗತ್ಯವೂ ಇಲ್ಲ, ರಸ್ತೆಗೆ ಹೋಗುವ ಅಗತ್ಯವೂ ಇಲ್ಲ. ಒಂದು ಎಕರೆ ತೋಟದಲ್ಲಿ ಸಾಧಾರಣವಾಗಿ ಏಳು ಸಾಲುಗಳು. ಒಂದೊಂದು ಸಾಲಿನ ಉದ್ದ ಇನ್ನೂರೆಂಟು ಅಡಿ. ಎಲ್ಲ ಸಾಲುಗಳನ್ನೂ ಹಾದುಹೋದರೆ ಎಕರೆಗೆ ಸುಮಾರು 445 ಮೀಟರು ನಡಿಗೆಯಾಗುತ್ತದೆ. ಐದು ಎಕರೆಯ ತೋಟದಲ್ಲಿ ಒಂದು ಮರವನ್ನೂ ಬಿಡದೆ ನೋಡಿಬಂದರೆ ಎರಡು ಕಿಲೋಮೀಟರಿಗೆ ಮೇಲಾಯಿತು. ಚುರುಕಾಗಿ ನಡೆಯುವವರಿಗೆ ಅದು ಅರ್ಧ ಗಂಟೆಯ ಕೆಲಸ. ಎರಡು ಎಕರೆಯವರು ಎರಡು ಮೂರು ಸುತ್ತು ಹಾಕಲಿ. ಮೊದಲ ಸುತ್ತಿನಲ್ಲಿ ನಿಂತು ನೋಡುತ್ತ ಹೋಗುವುದರಿಂದ ವೇಗ ಬಾರದು, ಎರಡನೆಯದರಲ್ಲಿ ಬರುತ್ತದೆ.

ಇದರಿಂದ ತೋಟಕ್ಕಾಗುವ ಲಾಭವನ್ನು ನಾನು ಹೇಳದಿದ್ದರೆ ನನ್ನ ಹುದ್ದೆಗೆ ನ್ಯಾಯವಾಗದು. ಕಾಂಡದಿಂದ ಕೆಂಪುಗಪ್ಪು ರಸ ಸೋರುವ ರೋಗ, ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿ, ಒಳಗೇ ತಿಂದು ಮರವನ್ನು ಕೆಡಹುವ ಕೆಂಪುಮೂತಿ ಹುಳು, ಗರಿಗಳನ್ನು ಒಣಗಿಸುವ ಕಪ್ಪುತಲೆ ಹುಳು ಇವೆಲ್ಲ ಮೊದಲು ಒಂದೆರಡು ಮರಗಳಲ್ಲಿಯೇ ಕಾಣಿಸಿಕೊಳ್ಳುವುವು. ಪ್ರತಿದಿನ ಎಲ್ಲ ಸಾಲುಗಳಲ್ಲಿ ನಡೆಯುವ ಒಡೆಯನ ಕಣ್ಣಿಗೆ ಅವು ಆರಂಭದಲ್ಲಿಯೇ ಬೀಳುತ್ತವೆ, ಪಂಪಿನ ಮನೆಯಲ್ಲಿ ಕುಳಿತವನಿಗೆ ಹತ್ತು ಮರ ಹೋದ ಮೇಲೆ ತಿಳಿಯುತ್ತದೆ.

ನಡಿಗೆಯಿಂದ ತೋಳಿಗೂ ಬೆನ್ನಿಗೂ ಶಕ್ತಿ ಬರುವುದಿಲ್ಲವಾದುದರಿಂದ ವಾರಕ್ಕೆ ಎರಡು ದಿನವಾದರೂ ಗುದ್ದಲಿ ಹಿಡಿಯುವುದು ಒಳ್ಳೆಯದು. ದಿನಕ್ಕೆ ಎರಡು ಪಾತಿಗಳನ್ನು ತಾವೇ ಬಿಡಿಸಿ ಗೊಬ್ಬರ ಹಾಕಿ ಮುಚ್ಚಿದರೂ ಸಾಕು. ಬಹುಕಾಲ ದೇಹಶ್ರಮ ಬಿಟ್ಟಿದ್ದು ನಲವತ್ತೈದು ದಾಟಿದವರು, ಎದೆಯಲ್ಲಿ ಹಿಡಿತ ಅಥವಾ ಏದುಸಿರು ಇರುವವರು, ಮೊದಲು ವೈದ್ಯರಿಗೆ ತೋರಿಸಿಕೊಂಡು ಅನಂತರ ಗುದ್ದಲಿಗೆ ಕೈ ಹಚ್ಚಲಿ. ಮಧುಮೇಹವುಳ್ಳವರು ತೋಟದಲ್ಲಿ ಬರಿಗಾಲಿನಲ್ಲಿ ನಡೆಯಕೂಡದು. ಅವರಿಗೆ ಮುಳ್ಳು ಚುಚ್ಚಿದುದು ತಿಳಿಯುವುದಿಲ್ಲ, ಹುಣ್ಣು ಬೇಗ ಮಾಯುವುದಿಲ್ಲ.

ಉಳಿದ ಕೆಲವು ಸಂಗತಿಗಳು

ಉಪ್ಪು ತಲೆಗೆ ದಿನಕ್ಕೆ 5 ಗ್ರಾಮಿಗೆ, ಎಂದರೆ ಒಂದು ಸಣ್ಣ ಚಮಚಕ್ಕೆ, ಮೀರಬಾರದು. ಉಪ್ಪಿನಕಾಯಿ ಹಪ್ಪಳಗಳ ಉಪ್ಪೂ ಇದರಲ್ಲಿಯೇ ಸೇರಿದೆ. ಅಡಿಕೆ ಬೆಳೆಯುವವರೂ ನಮ್ಮಲ್ಲಿ ಅನೇಕರಿರುವುದರಿಂದ ಮುಂದಿನ ಮಾತು ರುಚಿಸದಿರಬಹುದು. ಹೊಗೆಸೊಪ್ಪು ಸೇರದ ಬರಿಯ ಅಡಿಕೆಯೂ ಬಾಯಿಯ ಅರ್ಬುದರೋಗಕ್ಕೆ ಕಾರಣವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯವರು 2004ರಲ್ಲಿ ಪ್ರಕಟಿಸಿದ್ದಾರೆ. ಹಬ್ಬ ಮದುವೆಗಳ ತಾಂಬೂಲ ಬೇರೆ, ದಿನಕ್ಕೆ ಹತ್ತು ಸಲ ಮೆಲ್ಲುವುದು ಬೇರೆ. ಆಳವಾದ ಕೊಳವೆ ಬಾವಿಯ ನೀರನ್ನು ಕುಡಿಯುವವರು ಅದರ ಫ್ಲೋರೈಡು ಅಂಶವನ್ನು ಪರೀಕ್ಷೆ ಮಾಡಿಸಬೇಕು. ಲೀಟರಿಗೆ 1.5 ಮಿಲಿಗ್ರಾಮಿಗೆ ಮೀರಿದ ನೀರು ಹಲ್ಲನ್ನೂ ಮೂಳೆಯನ್ನೂ ಕೆಡಿಸುವುದೆಂಬುದು ನಮ್ಮ ಜಿಲ್ಲೆಯ ಪಾವಗಡದ ಕಡೆಯವರಿಗೆ ಅನುಭವದಿಂದ ತಿಳಿದಿದೆ.

ಮಧುಮೇಹವೂ ರಕ್ತದ ಒತ್ತಡವೂ ಬಹುಕಾಲ ಯಾವ ನೋವನ್ನೂ ಕೊಡದೆ ಒಳಗೇ ಇರುತ್ತವೆ. ಮೂವತ್ತು ವರ್ಷ ಮೀರಿದವರಿಗೆ ಇವೆರಡರ ಪರೀಕ್ಷೆಯನ್ನೂ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುತ್ತಾರೆ. ಮರದ ಬುಡದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವ ವರ್ಷವೇ ಮನೆಯವರೆಲ್ಲರೂ ಅಲ್ಲಿಗೆ ಹೋಗಿಬಂದರೆ ಮರೆಯುವ ಸಂಭವವಿರುವುದಿಲ್ಲ. ಮಾತ್ರೆಗಳನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವವರು ಈ ಲೇಖನವನ್ನು ಓದಿ ಅವನ್ನು ನಿಲ್ಲಿಸಬಾರದು. ಆಹಾರವನ್ನು ಬದಲಾಯಿಸಿದ ಸಂಗತಿಯನ್ನು ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನು ಅವರೇ ಸರಿಪಡಿಸುವರು. ರಾಗಿ, ಹೆಸರು, ಅಲಸಂದೆ, ತೊಗರಿ ಮುಂತಾದವುಗಳ ಬಿತ್ತನೆ ಬೀಜಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ತೋಟದ ನಡುವಣ ಬೆಳೆಗಳ ವಿಷಯದಲ್ಲಿ ತಿಪಟೂರಿನ ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರೂ ಸಲಹೆ ಕೊಡುತ್ತಾರೆ. ಪೂರ್ವ ಮುಂಗಾರಿನ ಬಿತ್ತನೆಗೆ ಬೀಜ ಬೇಕಾದವರು ಮೊದಲ ಹದಮಳೆಗೆ ಮುಂಚೆಯೇ ಕೇಳಿಕೊಳ್ಳುವುದು ಮೇಲು.